ಶಿಲೀಂಧ್ರದ ನೈಟ್ರೇಟ್ ಜೀನ್‌ಗಳನ್ನು ಕ್ಲೋರೇಟ್ ತಟ್ಟೆಯಲ್ಲಿ ಗುರುತಿಸುವುದು ಹೇಗೆ?

ಬಾಳೆಯ ಸೊರಗು ರೋಗಕ್ಕೆ ಕಾರಣವಾಗುವ ಫ್ಯುಸೇರಿಯಂ ಆಕ್ಸಿಸ್ಪೋರಂ ಶಿಲೀಂಧ್ರವನ್ನು ಬೇರೆ ಬೇರೆ ತೋಟಗಳಿಂದ ತಂದು ಬೆಳೆಸಿದರೆ ತಟ್ಟೆಯಲ್ಲಿ ಎಲ್ಲವೂ ಹೆಚ್ಚುಕಡಿಮೆ ಒಂದೇ ರೀತಿ ಕಾಣುತ್ತವೆ. ಅವುಗಳಲ್ಲಿ ಯಾವುವು ಒಂದೇ ಗುಂಪಿಗೆ, ಅಂದರೆ ಎಳೆಗಳು ಪರಸ್ಪರ ಬೆಸೆಯಬಲ್ಲ ತಳಿಗಳ ಗುಂಪಿಗೆ, ಸೇರಿದವು ಎಂಬುದನ್ನು ಪತ್ತೆಹಚ್ಚಲು ಸಸ್ಯರೋಗ ಪ್ರಯೋಗಾಲಯಗಳು ಬಳಸುವ ಒಂದು ಹಳೆಯ ವಿಧಾನವು ಆ ಶಿಲೀಂಧ್ರ ನೈಟ್ರೇಟನ್ನು ಬಳಸಿಕೊಳ್ಳುವ ಕ್ರಮವನ್ನೇ ಆಧರಿಸಿದೆ. 1985ರಲ್ಲಿ ಪುಹಲ್ಲಾ ಅವರು ರೂಪಿಸಿದ ಈ ವಿಧಾನವನ್ನು 1987ರಲ್ಲಿ ಕೊರೆಲ್, ಕ್ಲಿಟಿಚ್ ಮತ್ತು ಲೆಸ್ಲಿ ಅವರು ಇನ್ನಷ್ಟು ಖಚಿತಗೊಳಿಸಿದರು. ದುಬಾರಿ ಉಪಕರಣಗಳಾವುವೂ ಇದಕ್ಕೆ ಬೇಕಿಲ್ಲ. ಆದರೆ ಯಾವ ತಟ್ಟೆಯಲ್ಲಿ ಏನು ಬೆಳೆಯಿತು, ಏನು ಬೆಳೆಯಲಿಲ್ಲ ಎಂಬುದರ ಅರ್ಥ ತಿಳಿಯಬೇಕಾದರೆ ಅದರ ಹಿಂದಿರುವ ಜೀನ್‌ಗಳ ಪರಿಚಯ ಇರಲೇಬೇಕು. ಹೀಗಾಗಿ ಈ ಲೇಖನ ಮೊದಲು ಜೀನ್‌ಗಳನ್ನೂ ಅನಂತರ ತಟ್ಟೆಗಳನ್ನೂ ವಿವರಿಸುತ್ತದೆ. ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯಲಾಗಿದೆ.

ಕೆಲಸಕ್ಕೆ ಇಳಿಯುವ ಮೊದಲು ತಿಳಿದಿರಬೇಕಾದದ್ದು

ನೈಟ್ರೇಟ್ ಬಳಕೆಯ ಜೀನ್‌ಗಳ ಬಗ್ಗೆ ನಮಗಿರುವ ತಿಳಿವಳಿಕೆಯ ದೊಡ್ಡ ಪಾಲು ಆಸ್ಪರ್ಜಿಲಸ್ ನಿಡುಲಾನ್ಸ್ ಎಂಬ ಶಿಲೀಂಧ್ರದಿಂದ ಬಂದಿದೆ. ಫ್ಯುಸೇರಿಯಂನಲ್ಲಿಯೂ ಮೂಲ ವ್ಯವಸ್ಥೆ ಅದೇ ಆಗಿರುವುದರಿಂದ ಇಲ್ಲಿ ಆಸ್ಪರ್ಜಿಲಸ್‌ನ ಹೆಸರುಗಳನ್ನೇ ಬಳಸುತ್ತೇನೆ.

ನೈಟ್ರೇಟ್ ಅಯಾನು ಕೋಶದ ಹೊರಪೊರೆಯನ್ನು ತಾನಾಗಿ ದಾಟಲಾರದು. ಪೊರೆಯಲ್ಲಿ ಹುದುಗಿರುವ ಸಾಗಣೆ ಪ್ರೋಟೀನು ಪ್ರೋಟಾನುಗಳ ಜೊತೆಗೆ ಅದನ್ನು ಒಳಗೆ ಎಳೆದುಕೊಳ್ಳುತ್ತದೆ, ಇದಕ್ಕೆ ಕೋಶವು ಶಕ್ತಿಯನ್ನು ವ್ಯಯಿಸಬೇಕಾಗುತ್ತದೆ. ಆಸ್ಪರ್ಜಿಲಸ್‌ನಲ್ಲಿ ಇಂತಹ ಸಾಗಣೆ ಪ್ರೋಟೀನುಗಳು ಎರಡಿವೆ. ಮೊದಲು ಸಿಆರ್‌ಎನ್-ಎ ಎಂದು ಕರೆಯಲಾಗುತ್ತಿದ್ದ ಎನ್‌ಆರ್‌ಟಿ-ಎ ಒಂದು, ಎನ್‌ಆರ್‌ಟಿ-ಬಿ ಇನ್ನೊಂದು. ಇವುಗಳಲ್ಲಿ ಎನ್‌ಆರ್‌ಟಿ-ಬಿಗೆ ನೈಟ್ರೇಟಿನ ಮೇಲಿನ ಸೆಳೆತ ಸುಮಾರು ಹತ್ತು ಪಟ್ಟು ಹೆಚ್ಚಾಗಿದ್ದು, ಹೊರಗೆ ನೈಟ್ರೇಟ್ ತೀರಾ ವಿರಳವಾಗಿದ್ದಾಗಲೂ ಅದು ಕೆಲಸ ಮಾಡಬಲ್ಲದು. ಎರಡರಲ್ಲಿ ಒಂದು ಕೆಟ್ಟರೂ ಶಿಲೀಂಧ್ರ ನೈಟ್ರೇಟಿನ ಮೇಲೆ ಬೆಳೆಯುತ್ತದೆ, ಎರಡೂ ಕೆಟ್ಟರೆ ಮಾತ್ರ ಸೋಲುತ್ತದೆ. ಈ ಮಾತು ಮುಂದೆ ತಟ್ಟೆಗಳನ್ನು ಓದುವಾಗ ಬೇಕಾಗುತ್ತದೆ.

ಒಳಗೆ ಬಂದ ನೈಟ್ರೇಟನ್ನು ನೈಟ್ರೇಟ್ ರಿಡಕ್ಟೇಸ್ ಕಿಣ್ವವು ಎರಡು ಎಲೆಕ್ಟ್ರಾನುಗಳನ್ನು ಕೊಟ್ಟು ನೈಟ್ರೈಟ್ ಆಗಿಸುತ್ತದೆ. ನೈಟ್ರೈಟ್ ರಿಡಕ್ಟೇಸ್ ಅದಕ್ಕೆ ಇನ್ನೂ ಆರು ಎಲೆಕ್ಟ್ರಾನುಗಳನ್ನು ಕೊಟ್ಟು ಅಮೋನಿಯಂ ಆಗಿಸುತ್ತದೆ. ಅಮೋನಿಯಂ ಮುಂದೆ ಗ್ಲುಟಮೇಟ್ ಮತ್ತು ಗ್ಲುಟಮಿನ್‌ಗಳಾಗಿ ಕೋಶದ ಸಾರಜನಕ ಭಂಡಾರವನ್ನು ಸೇರುತ್ತದೆ. ಮೊದಲ ಕಿಣ್ವದ ಜೀನ್ ನಿಯಾ-ಡಿ, ಎರಡನೆಯದರ ಜೀನ್ ನೀ-ಎ.

ನೈಟ್ರೇಟ್ ರಿಡಕ್ಟೇಸ್ ಕೇವಲ ಪ್ರೋಟೀನಿನಿಂದಲೇ ಕೆಲಸ ಮಾಡುವುದಿಲ್ಲ, ಅದಕ್ಕೆ ಮಾಲಿಬ್ಡಿನಂ ಹೊಂದಿರುವ ಒಂದು ಸಹಕಾರಕವೂ ಬೇಕು. ಇದೇ ಸಹಕಾರಕ ಕ್ಸಾಂತೀನ್ ಡಿಹೈಡ್ರೋಜಿನೇಸ್ ಎಂಬ ಇನ್ನೊಂದು ಕಿಣ್ವಕ್ಕೂ ಅಗತ್ಯ. ಹೈಪೋಕ್ಸಾಂತೀನನ್ನು ಸಾರಜನಕದ ಮೂಲವಾಗಿ ಬಳಸಲು ಆ ಎರಡನೆಯ ಕಿಣ್ವ ಬೇಕು. 1964ರಲ್ಲಿ ಪೇಟ್‌ಮನ್, ಕೋವ್ ಮತ್ತು ಅವರ ಸಂಗಡಿಗರು ಒಂದೇ ರೂಪಾಂತರದಿಂದ (ಜೀನಿನಲ್ಲಾದ ಬದಲಾವಣೆಯಿಂದ) ನೈಟ್ರೇಟ್ ಮತ್ತು ಹೈಪೋಕ್ಸಾಂತೀನ್ ಎರಡನ್ನೂ ಬಳಸುವ ಶಕ್ತಿ ಕಳೆದುಕೊಂಡ ತಳಿಗಳನ್ನು ಕಂಡು, ಎರಡೂ ಕಿಣ್ವಗಳಿಗೆ ಸಮಾನವಾದ ಸಹಕಾರಕವೊಂದು ಇರಬೇಕೆಂದು ಊಹಿಸಿದರು. ಆ ವಸ್ತುವಿನ ರಾಸಾಯನಿಕ ರಚನೆ ಆಗ ಯಾರಿಗೂ ತಿಳಿದಿರಲಿಲ್ಲ, ಬೆಳವಣಿಗೆಯ ತಟ್ಟೆಗಳನ್ನು ಸರಿಯಾಗಿ ಓದಿದ್ದರಿಂದಲೇ ಆ ತೀರ್ಮಾನ ಬಂತು. ಈ ಸಹಕಾರಕವನ್ನು ತಯಾರಿಸುವ ಜೀನ್‌ಗಳು ಹಲವಾರಿದ್ದು ಅವುಗಳಿಗೆ ಒಟ್ಟಾಗಿ ಸಿಎನ್‌ಎಕ್ಸ್ ಎಂಬ ಹೆಸರಿದೆ.

ಇನ್ನು ನಿಯಂತ್ರಣ. ನಿಯಾ-ಡಿ ಮತ್ತು ನೀ-ಎ ಎಂಟನೆಯ ವರ್ಣತಂತುವಿನಲ್ಲಿ ಅಕ್ಕಪಕ್ಕದಲ್ಲಿವೆ. ಅವುಗಳ ನಡುವೆ ಸುಮಾರು 1,200 ಬೇಸ್ ಜೋಡಿಗಳಷ್ಟು ಉದ್ದದ ಪ್ರದೇಶವಿದ್ದು, ಎರಡೂ ಜೀನ್‌ಗಳು ಅಲ್ಲಿಂದಲೇ ವಿರುದ್ಧ ದಿಕ್ಕುಗಳಿಗೆ ಓದಲ್ಪಡುತ್ತವೆ. ಈ ಪ್ರದೇಶಕ್ಕೆ ಎರಡು ನಿಯಂತ್ರಕ ಪ್ರೋಟೀನುಗಳು ಬಂದು ಅಂಟಿಕೊಂಡಾಗ ಮಾತ್ರ ಜೀನ್‌ಗಳು ಪೂರ್ಣವಾಗಿ ಚಾಲೂ ಆಗುತ್ತವೆ. ಒಂದು ನಿರ್-ಎ, ಇದು ನೈಟ್ರೇಟ್ ಬಂದಿದೆಯೇ ಎಂಬುದನ್ನು ಗಮನಿಸುತ್ತದೆ: ನೈಟ್ರೇಟ್ ಇಲ್ಲದಿದ್ದಾಗ ಕೋಶಕೇಂದ್ರದಿಂದ ಹೊರಕ್ಕೆ ಸಾಗಿಸಲ್ಪಡುತ್ತಿರುತ್ತದೆ, ನೈಟ್ರೇಟ್ ಸಿಕ್ಕಾಗ ಒಳಗೇ ಉಳಿಯುತ್ತದೆ. ಇನ್ನೊಂದು ಏರಿ-ಎ, ಇದು ಅಮೋನಿಯಂ ಮತ್ತು ಗ್ಲುಟಮಿನ್‌ಗಳ ಕೊರತೆಯಿದೆಯೇ ಎಂಬುದನ್ನು ಗಮನಿಸುತ್ತದೆ. ಆರ್ಸ್ಟ್ ಮತ್ತು ಕೋವ್ ಅವರು 1973ರಲ್ಲಿ ವಿವರಿಸಿದ ಈ ಏರಿ-ಎ ನೈಟ್ರೇಟಿಗೆ ಮಾತ್ರ ಸೀಮಿತವಲ್ಲ, ಅಮೋನಿಯಂ ಹೊರತಾದ ಅನೇಕ ಸಾರಜನಕ ಮೂಲಗಳ ಬಳಕೆಯನ್ನು ಅದು ನಿಯಂತ್ರಿಸುತ್ತದೆ. ಅಮೋನಿಯಂ ಸಾಕಷ್ಟಿದ್ದರೆ ಏರಿ-ಎಯ ಸಂದೇಶವಾಹಕ ಆರ್‌ಎನ್‌ಎ ಬೇಗ ನಾಶವಾಗುತ್ತದೆ, ಉಳಿದ ಪ್ರೋಟೀನನ್ನು ಎನ್‌ಎಂಆರ್-ಎ ಎಂಬ ಇನ್ನೊಂದು ಪ್ರೋಟೀನು ತಡೆಹಿಡಿಯುತ್ತದೆ. ಬಡಿಸಿಟ್ಟ ಊಟವಿರುವಾಗ ಯಾರೂ ಒಲೆ ಹಚ್ಚುವುದಿಲ್ಲವಷ್ಟೆ. ಎಂಟು ಎಲೆಕ್ಟ್ರಾನುಗಳ ಖರ್ಚಿನ ನೈಟ್ರೇಟನ್ನು ಶಿಲೀಂಧ್ರ ಕೊನೆಯ ಆಯ್ಕೆಯಾಗಿಯೇ ಇಟ್ಟುಕೊಂಡಿರುತ್ತದೆ.

ಕ್ಲೋರೇಟ್ ಏಕೆ?

ಕ್ಲೋರೇಟ್ ಅಯಾನು ನೈಟ್ರೇಟನ್ನು ಬಹಳವಾಗಿ ಹೋಲುತ್ತದೆ. ಶಿಲೀಂಧ್ರ ಅದನ್ನು ನೈಟ್ರೇಟೆಂದೇ ಒಳಗೆ ಎಳೆದುಕೊಳ್ಳುತ್ತದೆ, ನೈಟ್ರೇಟ್ ರಿಡಕ್ಟೇಸ್ ಅದನ್ನು ವಿಷಕಾರಿಯಾದ ಕ್ಲೋರೈಟ್ ಆಗಿ ಬದಲಾಯಿಸುತ್ತದೆ, ಕೋಶ ನರಳುತ್ತದೆ. ಸಾಮಾನ್ಯವಾಗಿ ಕೊಡಲಾಗುವ ವಿವರಣೆ ಇದು. ಕ್ಲೋರೈಟ್ ಒಂದರಿಂದಲೇ ಎಲ್ಲವನ್ನೂ ವಿವರಿಸಲಾಗದು ಎಂದು ಕೋವ್ ಅವರು 1976ರಲ್ಲಿ ತೋರಿಸಿದ್ದಾರೆ, ಆದರೆ ನಮ್ಮ ಕೆಲಸಕ್ಕೆ ಈ ವಿವರಣೆ ಸಾಕು. ಈ ದಾರಿಯಲ್ಲಿ ಎಲ್ಲೋ ಒಂದು ಕಡೆ ಜೀನ್ ಕೆಟ್ಟಿರುವ ಕೋಶ ಕ್ಲೋರೇಟಿನ ನಡುವೆಯೂ ಬದುಕಿಕೊಂಡು ಬೆಳೆಯುತ್ತದೆ. ರೂಪಾಂತರವನ್ನು ನಾವು ಉಂಟುಮಾಡಬೇಕಿಲ್ಲ, ಕೋಟ್ಯಂತರ ಕೋಶಕೇಂದ್ರಗಳಲ್ಲಿ ತಾನಾಗಿ ಆಗುವ ಅಪರೂಪದ ರೂಪಾಂತರಗಳನ್ನು ಕ್ಲೋರೇಟ್ ಆರಿಸಿಕೊಡುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ನೈಟ್ರೈಟ್ ರಿಡಕ್ಟೇಸ್ ಜೀನ್ ಮಾತ್ರ ಕೆಟ್ಟ ತಳಿಯಲ್ಲಿ ನೈಟ್ರೇಟ್ ರಿಡಕ್ಟೇಸ್ ಸರಿಯಾಗಿಯೇ ಇರುವುದರಿಂದ ಅದು ಕ್ಲೋರೇಟಿಗೆ ಬಲಿಯಾಗುತ್ತದೆ. ಹೀಗಾಗಿ ನೀ-ಎ ರೂಪಾಂತರಿಗಳು ಕ್ಲೋರೇಟ್ ತಟ್ಟೆಯಲ್ಲಿ ಸಿಗುವುದಿಲ್ಲ. ಫಲಿತಾಂಶಗಳನ್ನು ಓದುವಾಗ ಈ ಒಂದು ಅಂಶದಿಂದ ಇಡೀ ಒಂದು ಸಂದೇಹ ಬಗೆಹರಿಯುತ್ತದೆ.

ಹಂತ 1: ಶುದ್ಧ ತಳಿ ಮತ್ತು ಪೂರ್ವ ಪರೀಕ್ಷೆ

ಏಕಬೀಜಾಣುವಿನಿಂದ ಬೆಳೆಸಿದ ತಳಿಯಿಂದಲೇ ಆರಂಭಿಸಬೇಕು. ಸೊರಗಿದ ಬಾಳೆಯ ಕಾಂಡದಿಂದ ನೇರವಾಗಿ ತೆಗೆದ ಬೆಳೆಯಲ್ಲಿ ಎರಡು ತಳಿಗಳು ಬೆರೆತಿದ್ದರೆ ಮುಂದಿನ ಎಲ್ಲ ಶ್ರಮವೂ ವ್ಯರ್ಥ. ಜೊತೆಗೆ ನಿಮ್ಮ ಶಿಲೀಂಧ್ರ ನೈಟ್ರೇಟನ್ನು ಬಳಸುತ್ತದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ಫ್ಯುಸೇರಿಯಂ ಆಕ್ಸಿಸ್ಪೋರಂ ಬಳಸುತ್ತದೆ, ಆದರೆ ಎಲ್ಲ ಶಿಲೀಂಧ್ರಗಳೂ ಬಳಸುವುದಿಲ್ಲ. ಬ್ರೆಡ್ಡಿನ ಯೀಸ್ಟ್ ಆದ ಸ್ಯಾಕರೋಮೈಸಿಸ್ ಸೆರೆವಿಸಿಯೇಗೆ ಈ ಜೀನ್‌ಗಳೇ ಇಲ್ಲ, ಅದರ ಬಂಧುವಾದ ಒಗಟಿಯಾ ಪಾಲಿಮಾರ್ಫಾಗೆ ಇವೆ. (ಸ್ಲಾಟ್ ಮತ್ತು ಹಿಬೆಟ್ ಅವರ 2007ರ ವಿಶ್ಲೇಷಣೆಯ ಪ್ರಕಾರ ಈ ಜೀನ್ ಗುಚ್ಛ ಶಿಲೀಂಧ್ರಗಳಿಗೆ ಬೇರೊಂದು ಜೀವಿವರ್ಗದಿಂದ ಅಡ್ಡವಾಗಿ ವರ್ಗವಾಗಿ ಬಂದದ್ದು. ನಮ್ಮ ಕೆಲಸಕ್ಕೆ ಅದರಿಂದ ವ್ಯತ್ಯಾಸವೇನೂ ಆಗದಿದ್ದರೂ ತಿಳಿದಿರುವುದು ಒಳ್ಳೆಯದು.)

ಹಂತ 2: ಮಾಧ್ಯಮಗಳ ತಯಾರಿ

ಮೂಲ ಮಾಧ್ಯಮಕ್ಕೆ ಒಂದು ಲೀಟರ್ ನೀರಿಗೆ ಸುಕ್ರೋಸ್ 30 ಗ್ರಾಂ, ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ 1 ಗ್ರಾಂ, ಮೆಗ್ನೀಸಿಯಂ ಸಲ್ಫೇಟ್ 0.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 0.5 ಗ್ರಾಂ, ಫೆರಸ್ ಸಲ್ಫೇಟ್ 10 ಮಿಲಿಗ್ರಾಂ, ಅಗಾರ್ 20 ಗ್ರಾಂ ಮತ್ತು ಮಾಲಿಬ್ಡಿನಂ ಒಳಗೊಂಡ ಸೂಕ್ಷ್ಮಪೋಷಕಾಂಶಗಳ ದ್ರಾವಣವನ್ನು ಸ್ವಲ್ಪ ಸೇರಿಸಬೇಕು. ಇದರಲ್ಲಿ ಸಾರಜನಕವಿಲ್ಲ. ಸಾರಜನಕದ ಮೂಲವನ್ನು ಬದಲಾಯಿಸುತ್ತಾ ಹೋದಂತೆ ಬೇರೆ ಬೇರೆ ತಟ್ಟೆಗಳು ಸಿದ್ಧವಾಗುತ್ತವೆ: ಸೋಡಿಯಂ ನೈಟ್ರೇಟ್ 2 ಗ್ರಾಂ, ಸೋಡಿಯಂ ನೈಟ್ರೈಟ್ 0.5 ಗ್ರಾಂ, ಹೈಪೋಕ್ಸಾಂತೀನ್ 0.2 ಗ್ರಾಂ, ಅಮೋನಿಯಂ ಟಾರ್ಟ್ರೇಟ್ 1 ಗ್ರಾಂ. ಇವುಗಳ ಜೊತೆಗೆ ಸಾರಜನಕವನ್ನೇ ಸೇರಿಸದ ಒಂದು ತಟ್ಟೆಯನ್ನೂ ಇಟ್ಟುಕೊಳ್ಳಿ. ಅನೇಕರು ಇದನ್ನು ಬಿಟ್ಟುಬಿಡುತ್ತಾರೆ, ಆದರೆ ಅಗಾರಿನಲ್ಲಿಯೇ ಇರುವ ಅಲ್ಪ ಸಾರಜನಕದಿಂದ ಎಷ್ಟು ಬೆಳವಣಿಗೆ ಆಗುತ್ತದೆ ಎಂಬುದನ್ನು ಈ ತಟ್ಟೆಯಿಲ್ಲದೆ ತಿಳಿಯಲಾಗದು.

ಹೈಪೋಕ್ಸಾಂತೀನ್ ತಣ್ಣೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಸ್ವಲ್ಪ ಕ್ಷಾರ ಸೇರಿಸಿದ ಬಿಸಿ ನೀರಿನಲ್ಲಿ ಕರಗಿಸಿ ಆಮೇಲೆ ಬೆರೆಸಿ. ನೈಟ್ರೈಟ್ ಮಾಧ್ಯಮ ಆಮ್ಲೀಯವಾದರೆ ನೈಟ್ರಸ್ ಆಮ್ಲ ಉಂಟಾಗಿ ಆರೋಗ್ಯವಂತ ತಳಿಯೂ ಬೆಳೆಯದು, ಆದ್ದರಿಂದ ಪಿಎಚ್ ಅನ್ನು 6.5ರ ಆಸುಪಾಸಿನಲ್ಲಿ ಇಡಬೇಕು.

ಕ್ಲೋರೇಟ್ ಮಾಧ್ಯಮಕ್ಕೆ ಮೂಲ ಮಾಧ್ಯಮದೊಂದಿಗೆ ಸೋಡಿಯಂ ನೈಟ್ರೇಟ್ 2 ಗ್ರಾಂ, ಆಸ್ಪರಜಿನ್ 1.6 ಗ್ರಾಂ ಮತ್ತು ಪೊಟ್ಯಾಸಿಯಂ ಕ್ಲೋರೇಟ್ 15 ಗ್ರಾಂ ಸೇರಿಸಲಾಗುತ್ತದೆ. ಆಲೂಗಡ್ಡೆ–ಡೆಕ್ಸ್‌ಟ್ರೋಸ್ ಅಗಾರಿಗೆ ಅಷ್ಟೇ ಕ್ಲೋರೇಟ್ ಬೆರೆಸಿಯೂ ಬಳಸಬಹುದು. ಆಸ್ಪರಜಿನ್ ಬದಲು ಅಮೋನಿಯಂ ಹಾಕಿದರಾಗದೇ ಎಂಬ ಪ್ರಶ್ನೆ ವಿದ್ಯಾರ್ಥಿಗಳಿಂದ ಬರುತ್ತದೆ. ಆಗದು. ಅಮೋನಿಯಂ ಇದ್ದರೆ ಏರಿ-ಎ ಹಿಂದೆ ಸರಿಯುತ್ತದೆ, ನೈಟ್ರೇಟ್ ರಿಡಕ್ಟೇಸ್ ತಯಾರಾಗುವುದಿಲ್ಲ, ರೂಪಾಂತರವಿಲ್ಲದ ತಳಿಗೂ ಕ್ಲೋರೇಟಿನ ಬಿಸಿ ತಟ್ಟುವುದಿಲ್ಲ, ಹಾಗಾಗಿ ಆಯ್ಕೆಯೇ ನಡೆಯುವುದಿಲ್ಲ. ರೂಪಾಂತರಿಗಳಿಗೆ ಬದುಕಲು ಸಾರಜನಕ ಬೇಕು, ಆದರೆ ಅದು ನೈಟ್ರೇಟ್ ದಾರಿಯನ್ನು ಪೂರ್ತಿ ಮುಚ್ಚಿಬಿಡುವಂತಹದ್ದಾಗಿರಬಾರದು.

ಪೊಟ್ಯಾಸಿಯಂ ಕ್ಲೋರೇಟ್ ಬಗ್ಗೆ ಒಂದು ಕಟ್ಟುನಿಟ್ಟಿನ ಎಚ್ಚರಿಕೆ. ಇದು ಪ್ರಬಲ ಉತ್ಕರ್ಷಕ. ಒಣ ಪುಡಿಯನ್ನು ಸಕ್ಕರೆ, ಗಂಧಕ, ಕಾಗದ, ಹತ್ತಿಗಳ ಸಂಪರ್ಕಕ್ಕೆ ತರಬಾರದು, ಖಲ್ಲಿನಲ್ಲಿ ಅರೆಯಬಾರದು. ತೂಗಿದ ಕೂಡಲೇ ನೇರವಾಗಿ ನೀರಿಗೆ ಹಾಕಿ ಕರಗಿಸಿ, ಸುಕ್ರೋಸನ್ನು ಬೇರೆಯಾಗಿ ತೂಗಿ ಆಮೇಲೆ ಸೇರಿಸಿ. ತಕ್ಕಡಿಯ ಬಳಿ ಚೆಲ್ಲಿದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿ ಆ ಬಟ್ಟೆಯನ್ನು ಒಣಗಲು ಬಿಡದೆ ಚೆನ್ನಾಗಿ ತೊಳೆಯಬೇಕು. ಮೇಲ್ವಿಚಾರಕರಿಲ್ಲದೆ ಈ ಹಂತವನ್ನು ಮಾಡಲೇಬಾರದು.

ಹಂತ 3: ಕ್ಲೋರೇಟ್ ತಟ್ಟೆಯಲ್ಲಿ ಆಯ್ಕೆ

ಬೆಳೆಯುತ್ತಿರುವ ಕವಕಜಾಲದ (ಶಿಲೀಂಧ್ರದ ಎಳೆಗಳ ಬಲೆಯ) ಅಂಚಿನಿಂದ ಎರಡು ಮಿಲಿಮೀಟರ್ ಗಾತ್ರದ ಅಗಾರ್ ತುಣುಕುಗಳನ್ನು ಕತ್ತರಿಸಿ ಪ್ರತಿ ತಟ್ಟೆಗೆ ನಾಲ್ಕರಂತೆ ಇಟ್ಟು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬಿಡಿ. ಮೊದಲ ಕೆಲವು ದಿನ ಬೆಳವಣಿಗೆ ಕುಂಠಿತವಾಗಿದ್ದು, ತುಣುಕಿನ ಸುತ್ತ ದಟ್ಟವಾದ ಸಣ್ಣ ಬಿಲ್ಲೆ ಮಾತ್ರ ಕಾಣುತ್ತದೆ. ಐದನೆಯ ದಿನದಿಂದ ಎರಡು ವಾರಗಳೊಳಗೆ ಆ ಬಿಲ್ಲೆಯ ಅಂಚಿನ ಯಾವುದೋ ಒಂದು ಕಡೆಯಿಂದ ಬೀಸಣಿಗೆಯಾಕಾರದಲ್ಲಿ ತೆಳುವಾದ ಕವಕ ವೇಗವಾಗಿ ಹರಡತೊಡಗುತ್ತದೆ. ಅದೇ ಕ್ಲೋರೇಟ್ ನಿರೋಧಕ ಭಾಗ. ಒಂದು ಬಿಲ್ಲೆಯಿಂದ ಒಂದೇ ಭಾಗವನ್ನು ತೆಗೆದುಕೊಳ್ಳಿ. ಅದೇ ಬಿಲ್ಲೆಯಿಂದ ಎರಡನ್ನು ತೆಗೆದರೆ ಅವು ಒಂದೇ ರೂಪಾಂತರದ ನಕಲುಗಳಾಗಿರುವ ಸಾಧ್ಯತೆ ಇರುತ್ತದೆ. ತುದಿಯಿಂದಲೇ ತುಣುಕು ತೆಗೆಯಿರಿ, ಬುಡದ ಕಡೆಯಿಂದ ತೆಗೆದರೆ ಮೂಲ ತಳಿಯೂ ಜೊತೆಗೆ ಬರುತ್ತದೆ.

ಹಂತ 4: ನೈಟ್ರೇಟ್ ತಟ್ಟೆಗೆ ವರ್ಗಾವಣೆ

ಆರಿಸಿದ ತುಣುಕನ್ನು ನೈಟ್ರೇಟ್ ಮಾತ್ರವಿರುವ ತಟ್ಟೆಗೆ ಹಾಕಿ. ನೈಟ್ರೇಟ್ ಬಳಸಲಾರದ ರೂಪಾಂತರಿ ಇಲ್ಲಿ ಸಂಪೂರ್ಣವಾಗಿ ನಿಂತುಹೋಗುವುದಿಲ್ಲ, ಹೊಸಬರು ಗೊಂದಲಕ್ಕೆ ಬೀಳುವುದು ಇಲ್ಲಿಯೇ. ಅದು ತಟ್ಟೆಯುದ್ದಕ್ಕೂ ಹರಡುತ್ತದೆ, ಆದರೆ ಬೆಳಕಿಗೆ ಹಿಡಿದು ನೋಡಿದರೆ ಮಾತ್ರ ಕಾಣುವಷ್ಟು ತೆಳ್ಳಗಿರುತ್ತದೆ ಮತ್ತು ಮೇಲೆದ್ದ ಬಿಳಿ ಕವಕ ಇರುವುದೇ ಇಲ್ಲ. ಮೂಲ ತಳಿ ಅದೇ ತಟ್ಟೆಯಲ್ಲಿ ಹತ್ತಿಯಂತೆ ದಟ್ಟವಾಗಿ ಮೇಲೇಳುತ್ತದೆ. ಆದ್ದರಿಂದ ಅಳತೆಪಟ್ಟಿಯಲ್ಲಿ ವ್ಯಾಸ ಅಳೆಯುವುದರಿಂದ ಇಲ್ಲಿ ಪ್ರಯೋಜನವಿಲ್ಲ, ದಟ್ಟಣೆಯನ್ನು ನೋಡಬೇಕು.

ಕ್ಲೋರೇಟಿಗೆ ಜಗ್ಗದಿದ್ದರೂ ನೈಟ್ರೇಟಿನ ಮೇಲೆ ಮೂಲ ತಳಿಯಂತೆಯೇ ದಟ್ಟವಾಗಿ ಬೆಳೆಯುವ ಕೆಲವು ಭಾಗಗಳು ಸಿಗುತ್ತವೆ. ಇವನ್ನು ಸಿಆರ್‌ಎನ್ ಮಾದರಿ ಎನ್ನುತ್ತಾರೆ. ಆಸ್ಪರ್ಜಿಲಸ್‌ನಲ್ಲಿ ಸಾಗಣೆ ಪ್ರೋಟೀನು ಕೆಟ್ಟ ತಳಿಗಳು ತೋರುವ ಲಕ್ಷಣ ಇದೇ. ಗುಂಪು ಪರೀಕ್ಷೆಗೆ ಇವು ಉಪಯೋಗಕ್ಕೆ ಬರುವುದಿಲ್ಲ, ಆದರೆ ನಿಮ್ಮ ಆಸಕ್ತಿ ಸಾಗಣೆಯ ಕಡೆಗಿದ್ದರೆ ಎಸೆಯಬೇಡಿ.

ಹಂತ 5: ನಾಲ್ಕು ತಟ್ಟೆಗಳನ್ನು ಓದುವುದು

ಪ್ರತಿ ರೂಪಾಂತರಿಯನ್ನೂ ಮೂಲ ತಳಿಯನ್ನೂ ಒಂದೇ ದಿನ, ಒಂದೇ ಬಾರಿಗೆ ತಯಾರಿಸಿದ ನೈಟ್ರೇಟ್, ನೈಟ್ರೈಟ್, ಹೈಪೋಕ್ಸಾಂತೀನ್ ಮತ್ತು ಅಮೋನಿಯಂ ತಟ್ಟೆಗಳಿಗೆ ಹಾಕಬೇಕು. ನಾಲ್ಕೈದು ದಿನಗಳಲ್ಲಿ ಫಲಿತಾಂಶ ಸ್ಪಷ್ಟವಾಗುತ್ತದೆ.

ನೈಟ್ರೇಟಿನ ಮೇಲೆ ಮಾತ್ರ ತೆಳ್ಳಗಿದ್ದು ಉಳಿದ ಮೂರರಲ್ಲೂ ದಟ್ಟವಾಗಿ ಬೆಳೆದರೆ ಕೆಟ್ಟಿರುವುದು ನೈಟ್ರೇಟ್ ರಿಡಕ್ಟೇಸಿನ ಜೀನ್, ಅಂದರೆ ನಿಯಾ-ಡಿ. ಫ್ಯುಸೇರಿಯಂ ಕೆಲಸದಲ್ಲಿ ಇದಕ್ಕೆ ನಿಟ್-1 ಎಂದು ಹೆಸರು, ಅತಿ ಹೆಚ್ಚಾಗಿ ಸಿಗುವುದೂ ಇದೇ. ನೈಟ್ರೇಟ್ ಮತ್ತು ಹೈಪೋಕ್ಸಾಂತೀನ್ ಎರಡರಲ್ಲೂ ಸೋತು ನೈಟ್ರೈಟಿನ ಮೇಲೆ ಗೆದ್ದರೆ ಕೆಟ್ಟಿರುವುದು ಮಾಲಿಬ್ಡಿನಂ ಸಹಕಾರಕದ ಯಾವುದೋ ಒಂದು ಜೀನ್, ಇದು ನಿಟ್-ಎಂ. ಪೇಟ್‌ಮನ್ ಮತ್ತು ಕೋವ್ ಅವರ ತರ್ಕವೇ ಇಲ್ಲಿಯೂ ನಡೆಯುತ್ತದೆ.

ನೈಟ್ರೇಟ್ ಮತ್ತು ನೈಟ್ರೈಟ್ ಎರಡರಲ್ಲೂ ಸೋತು ಹೈಪೋಕ್ಸಾಂತೀನ್ ಮೇಲೆ ಗೆದ್ದ ತಳಿಗೆ ನಿಟ್-3 ಎನ್ನುತ್ತಾರೆ. ಮೇಲ್ನೋಟಕ್ಕೆ ಇದು ನೈಟ್ರೈಟ್ ರಿಡಕ್ಟೇಸ್ ಕೆಟ್ಟಿರುವ ತಳಿಯೂ ಆಗಿರಬಹುದಲ್ಲವೇ? ನೈಟ್ರೈಟ್ ರಿಡಕ್ಟೇಸ್ ಮಾತ್ರ ಕೆಟ್ಟಿದ್ದರೆ ಅದು ಕ್ಲೋರೇಟ್ ತಟ್ಟೆಯನ್ನು ದಾಟಿ ನಿಮ್ಮ ಕೈಗೆ ಬರುತ್ತಲೇ ಇರಲಿಲ್ಲ. ಕ್ಲೋರೇಟಿನಿಂದಲೂ ಪಾರಾಗಿ ನೈಟ್ರೈಟನ್ನೂ ಬಳಸಲಾರದ ತಳಿಯಲ್ಲಿ ಎರಡೂ ಕಿಣ್ವಗಳು ಒಟ್ಟಿಗೆ ಇಲ್ಲವಾಗಿರಬೇಕು, ಒಂದೇ ರೂಪಾಂತರದಿಂದ ಹಾಗಾಗಬೇಕಾದರೆ ಅವೆರಡನ್ನೂ ಚಾಲೂ ಮಾಡುವ ನಿರ್-ಎ ಮಾದರಿಯ ನಿಯಂತ್ರಕವೇ ಕೆಟ್ಟಿರಬೇಕು. ಕಣ್ಣಿಗೆ ಕಾಣದ ನಿಯಂತ್ರಕ ಜೀನೊಂದನ್ನು ಎರಡು ತಟ್ಟೆಗಳ ಬೆಳವಣಿಗೆಯಿಂದ ಹೀಗೆ ಹಿಡಿಯಲು ಸಾಧ್ಯವಾಗುವುದೇ ನನ್ನ ದೃಷ್ಟಿಯಲ್ಲಿ ಈ ವಿಧಾನದ ಅತ್ಯಂತ ಸೊಗಸಾದ ಭಾಗ.

ಅಮೋನಿಯಂ ಒಂದರಲ್ಲಿ ಮಾತ್ರ ಗೆದ್ದು ಉಳಿದ ಮೂರರಲ್ಲೂ ಸೋತರೆ ಏರಿ-ಎ ಮಾದರಿಯ ಸರ್ವವ್ಯಾಪಿ ನಿಯಂತ್ರಕವನ್ನು ಸಂಶಯಿಸಬೇಕು. ಅಮೋನಿಯಂ ಮೇಲೂ ಬೆಳೆಯದಿದ್ದರೆ ತೊಂದರೆ ಬೇರೆಲ್ಲೋ ಇದೆ, ಆ ತಳಿಯನ್ನು ಬದಿಗಿಡಿ.

ಹೆಸರುಗಳಲ್ಲಿ ಒಂದು ಬಲೆ ಇದೆ. ನ್ಯೂರೋಸ್ಪೊರಾ ಶಿಲೀಂಧ್ರದ ಸಾಹಿತ್ಯದಲ್ಲಿ ನಿಟ್-1 ಎಂದರೆ ಸಹಕಾರಕದ ಜೀನ್, ನಿಟ್-3 ಎಂದರೆ ನೈಟ್ರೇಟ್ ರಿಡಕ್ಟೇಸಿನ ಜೀನ್, ನಿಟ್-4 ಎಂದರೆ ನಿರ್-ಎಗೆ ಸಮನಾದ ನಿಯಂತ್ರಕ, ನಿಟ್-2 ಎಂದರೆ ಏರಿ-ಎಗೆ ಸಮನಾದದ್ದು. ಫ್ಯುಸೇರಿಯಂನ ಸಂಖ್ಯೆಗಳಿಗೂ ಇವಕ್ಕೂ ತಾಳೆಯಿಲ್ಲ. ಪ್ರಬಂಧ ಬರೆಯುವಾಗ ಯಾವ ಶಿಲೀಂಧ್ರದ ಹೆಸರನ್ನು ಬಳಸುತ್ತಿದ್ದೀರಿ ಎಂಬುದನ್ನು ಮೊದಲೇ ಹೇಳಿಬಿಡಿ.

ಹಂತ 6: ಜೋಡಿಸಿ ನೋಡುವುದು

ಒಂದು ನಿಟ್-ಎಂ ಮತ್ತು ಒಂದು ನಿಟ್-1 ತಳಿಯನ್ನು ನೈಟ್ರೇಟ್ ತಟ್ಟೆಯಲ್ಲಿ ಎರಡು ಸೆಂಟಿಮೀಟರ್ ಅಂತರದಲ್ಲಿ ಇಡಿ. ಒಂದಕ್ಕೆ ಸಹಕಾರಕವಿಲ್ಲ, ಇನ್ನೊಂದಕ್ಕೆ ಕಿಣ್ವದ ಪ್ರೋಟೀನಿಲ್ಲ. ಎರಡರ ತೆಳು ಕವಕಗಳು ಸಂಧಿಸಿದಾಗ ಎಳೆಗಳು ಬೆಸೆದು ಕೋಶಕೇಂದ್ರಗಳು ಒಂದೇ ಕೋಶರಸದಲ್ಲಿ ಬೆರೆತರೆ ಇಬ್ಬರ ಕೊರತೆಯೂ ತುಂಬಿಕೊಂಡು, ಸಂಧಿಸಿದ ಗೆರೆಯುದ್ದಕ್ಕೂ ಬಿಳಿ ಕವಕ ದಟ್ಟವಾಗಿ ಮೇಲೇಳುತ್ತದೆ. ಏಳರಿಂದ ಹದಿನಾಲ್ಕು ದಿನ ಕಾಯಬೇಕು. ಗೆರೆ ಮೂಡಿದರೆ ಆ ಎರಡು ತಳಿಗಳು ಒಂದೇ ಕಾಯಿಕ ಹೊಂದಾಣಿಕೆ ಗುಂಪಿಗೆ ಸೇರಿವೆ ಎಂದರ್ಥ.

ಬೇರೆ ತಳಿಗಳೊಂದಿಗೆ ಜೋಡಿಸುವ ಮೊದಲು ಒಂದೇ ಮೂಲ ತಳಿಯಿಂದ ಬಂದ ನಿಟ್-ಎಂ ಮತ್ತು ನಿಟ್-1ಗಳನ್ನು ಪರಸ್ಪರ ಜೋಡಿಸಿ ನೋಡುವುದು ಕಡ್ಡಾಯ. ಕೆಲವು ತಳಿಗಳು ತಮ್ಮೊಂದಿಗೇ ಬೆಸೆಯಲಾರವು. ಅಂತಹವುಗಳಿಂದ ಬರುವ ನಕಾರಾತ್ಮಕ ಫಲಿತಾಂಶಕ್ಕೆ ಯಾವ ಬೆಲೆಯೂ ಇಲ್ಲ. ಎರಡು ನಿಟ್-1ಗಳನ್ನು ಜೋಡಿಸಿದರೆ ಇಬ್ಬರಿಗೂ ಒಂದೇ ಜೀನ್ ಕೆಟ್ಟಿರುವುದರಿಂದ ಸಾಮಾನ್ಯವಾಗಿ ಗೆರೆ ಮೂಡುವುದಿಲ್ಲ. ಹೀಗಾಗಿ ಪ್ರತಿ ತಳಿಯಿಂದಲೂ ಒಂದಾದರೂ ನಿಟ್-ಎಂ ಸಿಗುವವರೆಗೆ ಹಂತ 3ಕ್ಕೆ ಮರಳುತ್ತಿರಬೇಕಾಗುತ್ತದೆ. ನಿಟ್-ಎಂ ಕಡಿಮೆ ಸಿಗುತ್ತಿದ್ದರೆ ಕ್ಲೋರೇಟ್ ಮಾಧ್ಯಮದ ಸಾರಜನಕ ಮೂಲವನ್ನು ಬದಲಿಸಿ ನೋಡಿ, ಯಾವ ಬಗೆಯ ರೂಪಾಂತರಿಗಳು ಎಷ್ಟು ಸಿಗುತ್ತವೆ ಎಂಬುದು ಮಾಧ್ಯಮವನ್ನು ಅವಲಂಬಿಸಿ ಬದಲಾಗುತ್ತದೆ.

ಬಾಳೆಯ ವಿಷಯದಲ್ಲಿ ಈ ಗುಂಪುಗಳಿಗೆ ನೇರವಾದ ಅರ್ಥವಿದೆ. ನಂಜನಗೂಡು ರಸಬಾಳೆಯನ್ನು ಅಳಿವಿನಂಚಿಗೆ ತಳ್ಳಿದ ಸೊರಗು ರೋಗದ ರೇಸ್ 1 (ರೇಸ್ ಎಂದರೆ ಯಾವ ಬಾಳೆಗೆ ರೋಗ ತರುತ್ತದೆ ಎಂಬುದರ ಮೇಲೆ ಮಾಡಿದ ವಿಂಗಡಣೆ) ಮತ್ತು ಕ್ಯಾವೆಂಡಿಷ್ ಬಾಳೆಯನ್ನೂ ಬಿಡದ ಉಷ್ಣವಲಯದ ರೇಸ್ 4 ಬೇರೆ ಬೇರೆ ಹೊಂದಾಣಿಕೆ ಗುಂಪುಗಳಿಗೆ ಸೇರಿವೆ. ಎರಡನೆಯದರ ಗುಂಪಿನ ಸಂಖ್ಯೆ 01213/16. ಇಂದು ಅದನ್ನು ಪಿಸಿಆರ್ ಪರೀಕ್ಷೆಯಿಂದ (ಗೊತ್ತಿರುವ ಡಿಎನ್‌ಎ ತುಣುಕೊಂದನ್ನು ನಕಲು ಮಾಡಿ ಪತ್ತೆಹಚ್ಚುವ ವಿಧಾನದಿಂದ) ಇನ್ನೂ ಬೇಗ ಗುರುತಿಸಬಹುದು, ಆದರೆ ಪಿಸಿಆರ್ ಹುಡುಕಿದ್ದನ್ನಷ್ಟೇ ಹೇಳುತ್ತದೆ. ಈವರೆಗೆ ಯಾವ ಗುಂಪಿಗೂ ಸೇರದ ತಳಿಯೊಂದು ತೋಟದಲ್ಲಿ ಕಾಣಿಸಿಕೊಂಡರೆ ಅದನ್ನು ಹೊಸದೆಂದು ತೋರಿಸಿಕೊಡುವುದು ಈ ಜೋಡಣೆಯ ತಟ್ಟೆಯೇ.

ಹಂತ 7: ಸಂಗ್ರಹ ಮತ್ತು ವಿಲೇವಾರಿ

ಪರೀಕ್ಷೆಯಾದ ನಿಟ್-ಎಂ ಮತ್ತು ನಿಟ್-1 ತಳಿಗಳನ್ನು ಕ್ರಿಮಿಶುದ್ಧ ಸೋಸು ಕಾಗದದ ತುಣುಕುಗಳ ಮೇಲೆ ಬೆಳೆಸಿ, ಒಣಗಿಸಿ, ಲಕೋಟೆಗಳಲ್ಲಿ ತಣ್ಣಗಿನ ಜಾಗದಲ್ಲಿಟ್ಟರೆ ಮುಂದಿನ ಜೋಡಣೆಗಳಿಗೆ ಅವೇ ಪರೀಕ್ಷಕ ತಳಿಗಳಾಗುತ್ತವೆ. ಲಕೋಟೆಯ ಮೇಲೆ ಮೂಲ ತಳಿ, ರೂಪಾಂತರಿಯ ಬಗೆ ಮತ್ತು ನಾಲ್ಕು ತಟ್ಟೆಗಳ ಫಲಿತಾಂಶ ಮೂರನ್ನೂ ಬರೆಯಿರಿ. ಬಳಸಿದ ತಟ್ಟೆಗಳೆಲ್ಲವನ್ನೂ ಆಟೋಕ್ಲೇವ್ ಮಾಡಿದ ಮೇಲೆಯೇ ಹೊರಗೆ ಕಳುಹಿಸಬೇಕು, ಏಕೆಂದರೆ ಈ ಶಿಲೀಂಧ್ರದ ದಪ್ಪಗೋಡೆಯ ಬೀಜಾಣುಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತವೆ. ಕ್ಲೋರೇಟ್ ಇರುವ ಅಗಾರನ್ನು ಪ್ರತ್ಯೇಕ ಡಬ್ಬದಲ್ಲಿ ಒದ್ದೆಯಾಗಿಯೇ ಸಂಗ್ರಹಿಸಿ, ಒಣಗಲು ಬಿಡದೆ ಸಂಸ್ಥೆಯ ರಾಸಾಯನಿಕ ತ್ಯಾಜ್ಯದ ನಿಯಮದಂತೆ ಒಪ್ಪಿಸಿ.